ಮೊದಲು ನಿಲ್ಲುವುದನ್ನು ಕಲಿಸಿದರು: ದೊಡ್ಡವರ ಈಜು ತರಗತಿಗೆ ನನ್ನ ಅಂಕ

12 ವಾರ, ವಾರಕ್ಕೆ 2 ತರಗತಿ, ಒಂದೊಂದು 45 ನಿಮಿಷ. ಒಟ್ಟು 24ರಲ್ಲಿ ನಾನು ಹೋದದ್ದು 19. ಲೆಕ್ಕಪತ್ರ ತಪಾಸಣೆ ನನ್ನ ಕಸುಬು, ಹಾಗಾಗಿ ಅಂಕಿಗಳು ತಾವಾಗಿಯೇ ಮುಂದೆ ಬಂದು ನಿಲ್ಲುತ್ತವೆ. ವಯಸ್ಸು 49. ಇದು ನೀರು ಕಂಡರೆ ಹೆದರುವ ದೊಡ್ಡವರಿಗೆಂದೇ ನಡೆಸುವ ಈಜು ತರಗತಿ. ಕೊಳದ ಹೆಸರು ಹೇಳುತ್ತಿಲ್ಲ. ಬರಹದ ಕೊನೆಗೊಂದು ಜಗಳವಿದೆ, ಹೆಸರು ಹಾಕಿದರೆ ಜನ ಅದನ್ನಷ್ಟೇ ಓದುತ್ತಾರೆ. ಇಂಥದ್ದೊಂದು ತರಗತಿಗೆ ಸೇರಲೋ ಬೇಡವೋ ಎಂದು ವರ್ಷಗಟ್ಟಲೆ ಮೀನಮೇಷ ಎಣಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ನಾನು ಎಣಿಸಿದ್ದು 15 ವರ್ಷ.

ಆ 15 ವರ್ಷಕ್ಕೂ ಕಾರಣವಿದೆ. 34ರಲ್ಲಿ ಬೇರೊಂದು ಕಡೆ ಸೇರಿದ್ದೆ. ಅಲ್ಲಿದ್ದ ತರಬೇತುದಾರರದು ಹಳೇ ಶಾಲೆಯ ನಂಬಿಕೆ: ತಳ್ಳಿಬಿಟ್ಟರೆ ತಾನೇ ಕಲೀತಾರೆ. ಮೂರನೇ ದಿನ ತಳ್ಳಿದರು. ನಾನು ಕಲಿತದ್ದು ಒಂದೇ, ಮತ್ತೆ ಅತ್ತ ತಲೆ ಹಾಕಬಾರದು ಅಂತ. ಅದಕ್ಕೂ ಮೊದಲು, ಎಂಟನೇ ವಯಸ್ಸಿನಲ್ಲಿ ಪಾಚಿ ಮೆಟ್ಟಿಲಿನ ಮೇಲೆ ಜಾರಿ ಎರಡು ಗುಟುಕು ನೀರು ಕುಡಿದದ್ದು ಬೇರೆ. ಅಲ್ಲಿಂದ ನೀರಿನ ವಿಷಯದಲ್ಲಿ ನನ್ನದು ಕಾವಲುಗಾರ್ತಿಯ ಪಾತ್ರ. ಯಾವ ಪ್ರವಾಸಕ್ಕೆ ಹೋದರೂ ದಡದಲ್ಲಿ ಕೂತು ಎಲ್ಲರ ಚಪ್ಪಲಿ, ಫೋನು, ಒದ್ದೆ ಟವಲು ಕಾಯುವುದು ನಾನು. ಮನೆಯ ಆಲ್ಬಮ್ಮಿನಲ್ಲಿ ನೀರಿರುವ ಒಂದು ಚಿತ್ರದಲ್ಲೂ ನಾನಿಲ್ಲ. ಅವೆಲ್ಲ ತೆಗೆದವಳೇ ನಾನು.

ಇನ್ನು ತರಗತಿಯ ವಿಷಯ. ಬ್ಯಾಚಿಗೆ 6 ಜನ, ಕಲಿಸಲು ಇಬ್ಬರು. ನಮ್ಮನ್ನು ನೋಡಿಕೊಂಡಾಕೆಗೆ ಮೂವತ್ತು ಇರಬಹುದು. ಮಾತು ಕಡಿಮೆ. ಮೊದಲ ದಿನ ಕೊಳದ ಅಂಚಿನಲ್ಲಿ ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: "ಸೊನ್ನೆಯಿಂದ ಹತ್ತರೊಳಗೆ ಈಗ ನಿಮ್ಮ ಭಯ ಎಷ್ಟು?" ಪಕ್ಕದವರು 5 ಅಂದರು, ಇನ್ನೊಬ್ಬರು 6. ನಾನು 9 ಅಂದೆ. ಆಕೆ "ಸರಿ" ಅಂದಳು, ಅಷ್ಟೇ. ಹೆದರಬೇಡಿ ಅನ್ನಲಿಲ್ಲ. "ಅದರಲ್ಲೇನಿದೆ, ಚಿಕ್ಕ ಮಕ್ಕಳೂ ಇಳೀತಾರೆ" ಎಂಬ ಆ ಹಾಳು ಮಾತನ್ನೂ ಆಡಲಿಲ್ಲ. ನನಗೆ ಆಕೆಯ ಮೇಲೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲೇ.

ಎರಡನೇ ತರಗತಿಯಲ್ಲಿ ನೀರಿಗಿಳಿದೆವು. ಕಡಿಮೆ ಆಳದ ಕಡೆ 1.1 ಮೀಟರ್, ನನ್ನ ಹೊಟ್ಟೆಗಿಂತ ಸ್ವಲ್ಪ ಮೇಲೆ. ನೀರಿಗಿಳಿದವರಿಗೆ ಚಳಿಯೇನು ಮಳೆಯೇನು ಅನ್ನುತ್ತಾರಲ್ಲ, ಆ ಗಾದೆ ಮಾಡಿದವರು ನೀರಿಗಿಳಿದಿರಲಿಲ್ಲವೆಂದು ಕಾಣುತ್ತದೆ. ಬೋರ್ಡಿನಲ್ಲಿ 29 ಡಿಗ್ರಿ ಅಂತಿದ್ದರೂ ಹಲ್ಲು ಕಟಕಟ ಅಂದವು. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದಂತೆ. ಬಗ್ಗಿ ನೋಡಿದರೆ ನನ್ನ ಕಾಲುಗಳು ಮೊಟಕಾಗಿ ಯಾರದೋ ಕಾಲಿನಂತೆ ಕಾಣುತ್ತಿದ್ದವು. ಬೆಳಕು ಬಾಗುವುದರಿಂದ ಮೇಲಿನಿಂದ ನೋಡಿದಾಗ ನೀರಿನ ಆಳ ನಿಜಕ್ಕಿಂತ ಕಾಲು ಭಾಗ ಕಡಿಮೆ ಕಾಣುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಸ್ವಂತ ಮೊಣಕಾಲಿನ ಮೇಲೆ ನೋಡಿದ್ದು ಈಗ.

ಈ ತರಗತಿಗೆ ನಾನು ಕೊಡುವ ಅಂಕದಲ್ಲಿ ಅರ್ಧದಷ್ಟು ಮೂರನೇ ದಿನದ ಪಾಠಕ್ಕೇ ಸಲ್ಲಬೇಕು. ತೇಲುವುದನ್ನು ಕಲಿಸುವ ಮೊದಲು ತೇಲುತ್ತಿರುವಾಗ ಎದ್ದು ನಿಲ್ಲುವುದನ್ನು ಕಲಿಸಿದರು. ಮೊಣಕಾಲು ಎದೆಗೆ ಎಳೆದುಕೋ, ಎರಡೂ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತು, ತಲೆ ಎತ್ತು, ಪಾದ ಊರು. ಇಡೀ 45 ನಿಮಿಷ ಇದೊಂದೇ. ಅಂಚು ಹಿಡಿದು, ಆಕೆಯ ಕೈ ಹಿಡಿದು, ಕೊನೆಗೆ ಏನನ್ನೂ ಹಿಡಿಯದೆ. ಗಾಡಿ ಕಲಿಸುವವರು ಮೊದಲು ಬ್ರೇಕು ತೋರಿಸಿದ ಹಾಗೆ. ನನ್ನ ಹೆದರಿಕೆಯ ಬುಡವೇ ಅದಾಗಿತ್ತು: ಕಾಲು ನೆಲ ಬಿಟ್ಟರೆ ಮತ್ತೆ ಸಿಗುವುದಿಲ್ಲ ಅನ್ನುವುದು. ಅವತ್ತು ನಾನು 31 ಸಲ ಎದ್ದು ನಿಂತೆ. ಎಣಿಸಿದ್ದೇನೆ.

ಮುಂದಿನ ಗಂಟು ಉಸಿರಿನದು. ನೀರಿನೊಳಗೆ ಮುಖ ಇಟ್ಟ ಕೂಡಲೇ ಉಸಿರು ಬಿಗಿಹಿಡಿಯುತ್ತಿದ್ದೆ, ಮೂರೇ ಕ್ಷಣದಲ್ಲಿ ಎದೆ ಒಡೆಯುವಂತಾಗುತ್ತಿತ್ತು. ಗಾಳಿ ಸಾಲದೆ ಹಾಗಾಗುತ್ತದೆಂದು ನಾನು ತಿಳಿದಿದ್ದೆ. ಆಕೆ ಹೇಳಿದಳು, ಉಸಿರಾಡಲೇಬೇಕು ಎಂಬ ಆ ಒತ್ತಡ ಹುಟ್ಟುವುದು ಬಹುಪಾಲು ಒಳಗೆ ಕೂಡಿಹೋಗುವ ಇಂಗಾಲದ ಡೈಆಕ್ಸೈಡಿನಿಂದ, ಹಿಡಿದಿಟ್ಟುಕೊಳ್ಳಬೇಡಿ, ಬಿಟ್ಟುಬಿಡಿ. ಬಿಡುವುದು ಹೇಗೆ? ಬಾಯಿ ಮುಚ್ಚಿ ಮೂಗಿನಿಂದ "ಹ್ಮ್‌ಮ್‌" ಎಂದು ರಾಗ ಎಳೆಯುವುದು. ಗಾಳಿ ಹೊರಗೆ ಬರುತ್ತಿರುವಷ್ಟು ಹೊತ್ತು ನೀರು ಮೂಗಿಗೆ ಏರುವುದಿಲ್ಲ. ಆರು ಜನ ದೊಡ್ಡವರು ಸಾಲಾಗಿ ನಿಂತು ನೀರೊಳಗೆ ಮುಖ ಹಾಕಿ ಹಮ್ ಮಾಡುವುದನ್ನು ಪಕ್ಕದ ಮಕ್ಕಳ ಬ್ಯಾಚು ನೋಡಿ ಬಿದ್ದು ಬಿದ್ದು ನಕ್ಕಿತು. ನಗಲಿ. ಮನೆಯಲ್ಲಿ ತಂಬಿಗೆ ನೀರು ತಲೆಯ ಮೇಲಿಂದ ಸುರಿದುಕೊಳ್ಳುವಾಗಲೂ ಉಸಿರು ಕಟ್ಟುತ್ತಿದ್ದವಳು ನಾನು. ಈಗ ಸ್ನಾನದ ಮನೆಯಲ್ಲೂ ಹಮ್ ಮಾಡುತ್ತೇನೆ.

ಆರನೇ ತರಗತಿಯಲ್ಲಿ ತಳಕ್ಕೆ ಒಂದು ಕೆಂಪು ರಬ್ಬರ್ ಬಳೆ ಹಾಕಿ, ಚೆನ್ನಾಗಿ ಉಸಿರು ತುಂಬಿಕೊಂಡು ಹೋಗಿ ತನ್ನಿ ಅಂದಳು. ಬಗ್ಗಿದೆ. ಕೈ ಚಾಚಿದೆ. ಬಳೆ ಬೆರಳಿಗೆ ಸಿಗಲು ಒಂದು ಗೇಣು ಇದೆ ಅನ್ನುವಾಗ ಬೆನ್ನನ್ನು ಯಾರೋ ಮೇಲಿನಿಂದ ಎಳೆದ ಹಾಗಾಯಿತು. ಮತ್ತೆ ಹೋದೆ, ಮತ್ತೆ ಮೇಲೆ. ಮೂರನೇ ಸಲ ಸಿಟ್ಟೇ ಬಂತು. ಮುಳುಗಬೇಕೆಂದು ಹಟ ಹಿಡಿದರೂ ನೀರು ಬಿಡುತ್ತಿಲ್ಲ! ಅರ್ಕಿಮಿಡೀಸನ ತತ್ವ ಎಲ್ಲರಿಗೂ ಗೊತ್ತು. ಶ್ವಾಸಕೋಶ ತುಂಬಿದ್ದಾಗ ನಮ್ಮಲ್ಲಿ ಹೆಚ್ಚಿನವರ ಮೈ ನೀರಿಗಿಂತ ಒಂದು ಚೂರು ಹಗುರ. ಆದರೆ ಗೊತ್ತಿರುವುದೇ ಬೇರೆ, ಮುಳುಗಲು ಹೋಗಿ ಸೋಲುವುದೇ ಬೇರೆ. ನಲವತ್ತು ವರ್ಷ ನೀರು ನನ್ನನ್ನು ಒಳಕ್ಕೆ ಎಳೆಯಲು ಹೊಂಚು ಹಾಕಿದೆ ಎಂದುಕೊಂಡಿದ್ದೆ. ಅದು ನೋಡಿದರೆ ತಗೋ ನಿನ್ನ ಸಾಮಾನು ಎಂದು ವಾಪಸು ಕೊಡುತ್ತಿತ್ತು. ನಮ್ಮ ಬ್ಯಾಚಿನ ಒಬ್ಬ ಸಣಕಲು ಮನುಷ್ಯನಿಗೆ ಮಾತ್ರ ಬಳೆ ಮೊದಲ ಸಲಕ್ಕೇ ಸಿಕ್ಕಿತು. ಆದರೆ ತೇಲುವಾಗ ಅವರ ಕಾಲು ಯಾವಾಗಲೂ ಇಳಿಯುತ್ತಿದ್ದವು. ಅದು ನಿಮ್ಮ ತಪ್ಪಲ್ಲ, ಮೈಕಟ್ಟು ಹಾಗಿದೆ ಎಂದು ಆಕೆ ಅವರಿಗೆ ಬಿಡಿಸಿ ಹೇಳಿದಳು. ಹೀಗೆ ಆಳು ನೋಡಿ ಪಾಠ ಬದಲಾಯಿಸುವವರು ಅಪರೂಪ.

ಮನೆಗೆ ಬಂದು ಸ್ವಲ್ಪ ಓದಿದೆ. ಈ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗುವ ವಿಧಾನ ಹೊಸದೇನಲ್ಲ. ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಬಗ್ಗೆ 1924ರಲ್ಲೇ ಬರೆದಿದ್ದರು. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತರುವುದು, ಅಷ್ಟೇ ಉಪಾಯ. ಕೊನೆಗೆ ಪೀಟರ್ ಆ ಮೊಲವನ್ನು ಮುಟ್ಟಿ ಆಡಿದ. ಓದುತ್ತ ನೆನಪಾದದ್ದು ನನ್ನ ಹಳೆಯ ತರಬೇತುದಾರರು. ಅವರಿಗೆ ಪೀಟರ್ ಸಿಕ್ಕಿದ್ದರೆ ಮೊಲವನ್ನು ಎತ್ತಿ ಮಗುವಿನ ಮುಖಕ್ಕೆ ಎಸೆದಿರುತ್ತಿದ್ದರು.

ನಡುವೆ ಶೀತ ಹಿಡಿದು ಎರಡು ವಾರ, ಅಂದರೆ 4 ತರಗತಿ ತಪ್ಪಿತು. ಐದನೆಯದು ತಪ್ಪಿದ್ದು ಶೀತದಿಂದಲ್ಲ; ತಲೆನೋವು ಅಂತ ಸುಳ್ಳು ಹೇಳಿ ಮನೆಯಲ್ಲಿ ಕೂತೆ. ಯಾಕೆಂದರೆ ಭಯ ಮರಳಿತ್ತು. ಶೀತಕ್ಕೆ ಮೊದಲು ನನ್ನ ಸಂಖ್ಯೆ 4ಕ್ಕೆ ಇಳಿದಿತ್ತು, ವಾಪಸು ಹೋದ ದಿನ 8. ಮೆಟ್ಟಿಲ ಬಳಿ ನಿಂತಾಗ ಎದೆ ಡವಡವ, ಬಾಯಿ ಒಣಗಿ ಅಂಟು. ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದು ಕಣ್ಣಲ್ಲಿ ನೀರು ಬಂತು. ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಹಳೆಯ ಭಯ ಅಳಿಸಿ ಹೋಗಿರುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂತಿರುತ್ತದೆ, ಬಿಡುವು ಬಿದ್ದರೆ ಹಳೆಯದು ಇಣುಕುತ್ತದೆ ಅಂದಳು. ನಾಯಿಗಳ ಮೇಲೆ ಕಲಿಕೆಯ ಪ್ರಯೋಗ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಕೂಡ ಇದನ್ನೇ ಕಂಡಿದ್ದ: ಅಳಿದಂತೆ ಕಂಡ ಕಲಿಕೆ ಒಂದು ಬಿಡುವಿನ ನಂತರ ತಾನಾಗಿಯೇ ತಲೆ ಎತ್ತುತ್ತದೆ. ಮತ್ತೆ ಅಂಚಿನಲ್ಲಿ ಕೂರುವುದರಿಂದ ಶುರು ಮಾಡಿದೆವು. ಮೊದಲ ಸಲ ಮೂರು ವಾರ ಹಿಡಿದದ್ದು ಈ ಸಲ ಒಂದೂವರೆ ತರಗತಿಯಲ್ಲಿ ಮುಗಿಯಿತು.

ಬೆನ್ನ ಮೇಲೆ ತೇಲಿದ್ದು ಅದಾದ ಮೇಲೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಆದ್ದರಿಂದ ತಲೆಯನ್ನು ದಿಂಬಿಗೆ ಒಪ್ಪಿಸಿದ ಹಾಗೆ ನೀರಿಗೆ ಒಪ್ಪಿಸಬೇಕು, ಕಿವಿ ಒಳಗೆ ಹೋಗಲೇಬೇಕು. ಕಿವಿ ಮುಳುಗಿದ ಕೂಡಲೇ ಶಿಳ್ಳೆ, ಮಕ್ಕಳ ಕಿರುಚಾಟ ಎಲ್ಲ ದೂರ ಸರಿದು ನನ್ನ ಉಸಿರಿನ ಸದ್ದೊಂದೇ ಉಳಿಯಿತು. ಛಾವಣಿಯಲ್ಲಿ 14 ದೀಪಗಳಿವೆ, ಒಂದು ಕೆಟ್ಟಿದೆ. ಅವನ್ನು ಪೂರ್ತಿ ಎಣಿಸಿದ ಮೇಲೆ ಗೊತ್ತಾಯಿತು, ಆಕೆ ಕೈ ತೆಗೆದು ಆಗಲೇ ಎಷ್ಟೋ ಹೊತ್ತಾಗಿತ್ತು. ಮೋಸ ಅಲ್ಲ, "ತೆಗೆಯುತ್ತೇನೆ" ಎಂದು ಹೇಳಿಯೇ ತೆಗೆದಿದ್ದಳಂತೆ. ಕಿವಿ ನೀರಲ್ಲಿತ್ತು, ಕೇಳಿಸಲಿಲ್ಲ.

ಕೊಳದ ಬಗ್ಗೆ: ಶುಚಿ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಮತ್ತು ಕ್ಲೋರಿನ್ ಪ್ರಮಾಣವನ್ನು ದಿನಕ್ಕೆರಡು ಸಲ ಬೋರ್ಡಿನಲ್ಲಿ ಬರೆಯುತ್ತಾರೆ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು, ನಾನು ನೋಡಿದಾಗಲೆಲ್ಲ ಇತ್ತು. ಕಣ್ಣು ಉರಿಸುವ ಗಾಟು ವಾಸನೆ ಶುಚಿತ್ವದ ಗುರುತು ಎಂದು ತುಂಬ ಜನ ತಿಳಿದಿದ್ದಾರೆ. ಉಲ್ಟಾ. ಕ್ಲೋರಿನ್ನು ಬೆವರು, ಮೂತ್ರಗಳ ಜೊತೆ ಸೇರಿ ಹುಟ್ಟುವ ಕ್ಲೋರಮೀನಿನ ವಾಸನೆ ಅದು. ಸೇರುವ ಮೊದಲು ಒಮ್ಮೆ ಹೋಗಿ ಮೂಸಿ ನೋಡಿ. ಈಜು ಕನ್ನಡಕ ನಿಮ್ಮದೇ ಒಯ್ಯಿರಿ. ಒಳಗಡೆ ಬೆರಳಿನಿಂದ ಒರೆಸಬೇಡಿ, ಮಂಜು ತಡೆಯುವ ಲೇಪ ಹಾಳಾಗುತ್ತದೆ. ನಾನು ಒಂದು ಹಾಳು ಮಾಡಿದೆ.

ತಕರಾರುಗಳೂ ಇವೆ. ಷವರಿನಲ್ಲಿ ಬಿಸಿನೀರು ಬರುವುದು ಮೊದಲ ಮೂರು ಜನಕ್ಕೆ. ಕೊನೆಯ ಎರಡು ವಾರ 6 ಜನರ ಬ್ಯಾಚಿಗೆ ಇನ್ನೂ 3 ಜನರನ್ನು ತುರುಕಿದರು, ಇದನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. ಕೆರೆ, ಹೊಳೆ, ಸಮುದ್ರದ ವಿಷಯವನ್ನು ಕೊನೆಯ ದಿನ ಹತ್ತು ನಿಮಿಷದಲ್ಲಿ ಮುಗಿಸಿದರು. ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ, ಬಾಯಿ ನೀರಿನ ಮಟ್ಟದಲ್ಲೇ ಇರುವಾಗ ಉಸಿರು ಎಳೆದುಕೊಳ್ಳಲೇ ಪುರುಸೊತ್ತಿರುವುದಿಲ್ಲ ಎಂದು ಹೇಳಿದ್ದು ಅಲ್ಲಿಯೇ. ಅದಕ್ಕೇ ಒಂದು ಪೂರ್ತಿ ತರಗತಿ ಬೇಕು. ಕೊಳದಲ್ಲಿ ಒಂದು ಉದ್ದ ಈಜಿದವರು ಹೊಳೆಗೆ ಹಾರಿದರೆ ಹೊಳೆ ಪ್ರಮಾಣಪತ್ರ ಕೇಳುವುದಿಲ್ಲ.

ಇನ್ನು ಕರಪತ್ರದಲ್ಲಿ "24 ತರಗತಿಗಳಲ್ಲಿ ಭಯಕ್ಕೆ ವಿದಾಯ" ಅಂತಿದೆ. ತಪಾಸಣೆ ಮಾಡುವವಳಾಗಿ ಹೇಳುತ್ತೇನೆ, ಈ ಬಾಬ್ತಿಗೆ ವೋಚರ್ ಇಲ್ಲ. ಕೊನೆಯ ದಿನ ಕಡಿಮೆ ಆಳದಲ್ಲಿ ನನ್ನ ಸಂಖ್ಯೆ 3, 2.4 ಮೀಟರ್ ಆಳದ ಕಡೆ 6. ಆ 6 ಇಟ್ಟುಕೊಂಡೇ ಅಂಚು ಬಿಟ್ಟು, 20 ಎಣಿಸುವ ತನಕ ಬೆನ್ನ ಮೇಲೆ ತೇಲಿ, ವಾಪಸು ಬಂದು ಅಂಚು ಹಿಡಿದೆ. ಕರಪತ್ರ ಬರೆದವರಿಗಿಂತ ಕಲಿಸಿದವಳು ಪ್ರಾಮಾಣಿಕಳು. 5ಕ್ಕೆ 4 ಕೊಡುತ್ತೇನೆ. ಒಂದು ಕಳೆದದ್ದು ತುರುಕಿದ ಆ ಮೂವರಿಗಾಗಿ, ಬಿಸಿನೀರಿನದು ಮಾಫಿ.

ಜಗಳದ ವಿಷಯ. ಮುಂದಿನ ಹಂತಕ್ಕೆ ಹೆಸರು ಬರೆಸಿದ್ದೆ. ಕಳೆದ ಸೋಮವಾರ ಟೋಪಿ, ಟವಲು ಹಿಡಿದು ಹೋದರೆ ಬಾಗಿಲಿಗೆ ಚೀಟಿ: ದುರಸ್ತಿಗಾಗಿ ಎರಡು ವಾರ ರಜೆ. ಒಂದು ಮಾತು ಮೊದಲೇ ಹೇಳಬಾರದೇ ಎಂದು ಕೌಂಟರಿನಲ್ಲಿ ನಾನು ಏರಿಸಿದ ದನಿಗೆ ಒಳಗಿದ್ದ ಆಕೆ ಹೊರಗೆ ಬಂದಳು. ನನ್ನನ್ನೇ ನೋಡುತ್ತ ನಿಂತು, ಆಮೇಲೆ ಕೇಳಿದಳು: "ತಲೆನೋವಿಲ್ಲವಾ ಇವತ್ತು?"