ಎಸ್ಪ್ರೆಸೊ ಯಂತ್ರಕ್ಕೆ ನಾನು ಕುಡಿಸಿದ ನಿಂಬೆ ಉಪ್ಪು

ನಿಮ್ಮ ಮನೆಯಲ್ಲಿ ಎಸ್ಪ್ರೆಸೊ ಯಂತ್ರವಿದ್ದು, ಅದರೊಳಗಿನ ಸುಣ್ಣ ತೆಗೆಯಲು ನಿಂಬೆ ಉಪ್ಪು (ಅಂಗಡಿಯ ಸಿಟ್ರಿಕ್ ಆಮ್ಲದ ಪುಡಿ) ಕರಗಿಸಿ ಸುರಿದು ರಾತ್ರಿಯಿಡೀ ಬಿಟ್ಟಿದ್ದರೆ, ದಯವಿಟ್ಟು ಈಗಲೇ ಎದ್ದು ಹೋಗಿ ಅದನ್ನು ಹೊರಗೆ ಹರಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಬಹುದು.

ನಾವಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಮಹದೇವಪುರದ ಕಡೆ. 2007ರಲ್ಲಿ ನಗರಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ವಿಳಾಸ ಬೆಂಗಳೂರಿನದು, ನಲ್ಲಿಯಲ್ಲಿ ಬರುವುದು ಮಾತ್ರ ಕೊಳವೆ ಬಾವಿಯ ನೀರು. ಸೋಪು ನೊರೆ ಕೊಡುವುದಿಲ್ಲ, ತೊಗರಿಬೇಳೆ ಎಷ್ಟು ಸೀಟಿ ಹಾಕಿದರೂ ಕಾಳುಕಾಳಾಗಿಯೇ ಉಳಿಯುತ್ತದೆ, ಗೀಸರಿನ ಕಾಯಿಲ್ ಬಿಚ್ಚಿದರೆ ಸುಣ್ಣದ ಕಡ್ಡಿಯಂತೆ ಕಾಣುತ್ತದೆ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ 2022ರಲ್ಲಿ ಯಂತ್ರ ಕೊಂಡಾಗ ನನಗೆ ನೀರಿನ ಯೋಚನೆ ಬರಲಿಲ್ಲ. ಅಡುಗೆಮನೆಯಲ್ಲಿ ಯುವಿ ದೀಪದ ಶುದ್ಧೀಕರಣ ಯಂತ್ರವಿತ್ತಲ್ಲ, ಅದೇ ಧೈರ್ಯ. ಯುವಿ ಕ್ರಿಮಿಗಳ ಜೀವ ತೆಗೆಯುತ್ತದೆ. ಸುಣ್ಣಕ್ಕೆ ತೆಗೆಯಲು ಜೀವವೇ ಇಲ್ಲ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ಕಾಯಿಸಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೋಹದ ಮೈಗೆ ಕಲ್ಲಾಗಿ ಅಂಟಿಕೊಳ್ಳುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಇದು ಕಡಿಮೆ ಕರಗುತ್ತದೆ. ಎಸ್ಪ್ರೆಸೊ ಯಂತ್ರ ನೀರನ್ನು 90 ಡಿಗ್ರಿ ದಾಟಿಸಿ, ಹಬೆಗಾಗಿ ನೂರನ್ನೂ ಮೀರಿಸಿ, ಕಡ್ಡಿ ದಪ್ಪದ ದಾರಿಗಳಲ್ಲಿ ನೂಕುತ್ತದೆ. ಸುಣ್ಣ ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಸುಣ್ಣ ತೆಗೆಯುವ ಸಮಯವಾಯಿತೆಂದು ಹೇಳುವ ಕಿತ್ತಳೆ ದೀಪವೊಂದು ಯಂತ್ರದಲ್ಲಿತ್ತು. ಅದು ಒಳಗೆ ಇಣುಕಿ ನೋಡಿ ಹೇಳುತ್ತದೆಂದು ನಾನು ನಂಬಿದ್ದೆ. ನನ್ನ ಯಂತ್ರದ ದೀಪ, ಇಂಥ ಬಹುತೇಕ ದೀಪಗಳಂತೆ, ಎಷ್ಟು ನೀರು ಹರಿಯಿತೆಂದು ಎಣಿಸುತ್ತದೆ, ಅಷ್ಟೇ. ನೀರು ಎಷ್ಟು ಗಡಸು ಎಂದು ಮೊದಲೇ ನಾವು ಅದಕ್ಕೆ ಹೇಳಿಕೊಡಬೇಕು. ನಾನು ಹೇಳಿಕೊಟ್ಟಿರಲಿಲ್ಲ. ಕೊನೆಗೊಂದು ದಿನ ದೀಪ ಹತ್ತಿದಾಗ ಕಚೇರಿಗೆ ತಡವಾಗಿತ್ತು. ಎರಡು ಗುಂಡಿ ಒಟ್ಟಿಗೆ ಒತ್ತಿದೆ, ದೀಪ ಆರಿತು, ಕಾಫಿ ಕುಡಿದು ಹೊರಟೆ. ಹೀಗೆ ಎರಡು ಸಲ.

2024ರ ಮಾರ್ಚಿನಲ್ಲಿ ನಮ್ಮ ಬೀದಿಯ ಕೊಳವೆ ಬಾವಿ ಬತ್ತಿ ಟ್ಯಾಂಕರ್ ನೀರಿಗೆ ಬಂದೆವು. ಆ ನೀರು ಎಲ್ಲಿಯದೆಂದು ತಂದವನೂ ಹೇಳುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಹಬೆ ಕ್ಷೀಣಿಸಿತು, ಹಾಲು ನೊರೆಯಾಗುವ ಬದಲು ಬರೀ ಬೆಚ್ಚಗಾಗತೊಡಗಿತು. ಪಂಪಿನ ಸದ್ದು ಗೊರಕೆಯಂತಾಯಿತು. ಆಗ ನನಗೆ ಜ್ಞಾನೋದಯವಾಗಿ, ಎರಡು ವರ್ಷದ ಪಾಪವನ್ನು ಒಂದೇ ರಾತ್ರಿಯಲ್ಲಿ ತೊಳೆಯಲು ಹೊರಟೆ. ಒಂದು ಲೀಟರ್ ನೀರಿಗೆ ನೂರು ಗ್ರಾಂ ನಿಂಬೆ ಉಪ್ಪು. ಚೆನ್ನಾಗಿ ಕೆಲಸ ಮಾಡಲಿ ಎಂದು ಯಂತ್ರವನ್ನು ಬಿಸಿಯಾಗಿಯೇ ಇಟ್ಟು ಅರ್ಧ ಹರಿಸಿದೆ, ಉಳಿದರ್ಧವನ್ನು ಒಳಗೇ ಬಿಟ್ಟು ಮಲಗಿದೆ.

ಬೆಳಿಗ್ಗೆ ಬೂದು ಬಣ್ಣದ ನೀರು ಬಂತು. ಕೊಳೆ ಹೋಗುತ್ತಿದೆ ಎಂದು ಹಿಗ್ಗಿದೆ. ಅರ್ಧ ಟ್ಯಾಂಕ್ ನೀರಿನಲ್ಲಿ ತೊಳೆದು, ಅಪ್ಪನಿಗೆ ಮೊದಲ ಕಪ್ ಕಾಫಿ ಕೊಟ್ಟೆ. ಅವರು ಹಿತ್ತಾಳೆ ಫಿಲ್ಟರಿನ ಪಕ್ಷದವರು, ಈ ಯಂತ್ರದ ಮೇಲೆ ಮೊದಲಿನಿಂದಲೂ ಮುನಿಸು. ಒಂದು ಗುಟುಕು ಕುಡಿದು, "ಇದಕ್ಕೆ ನಿಂಬೆಹಣ್ಣನ್ನೂ ಹಿಂಡುತ್ತಾರೇನು?" ಎಂದು ಕಪ್ ಕೆಳಗಿಟ್ಟರು. ಆದರೆ ಯಂತ್ರ ಹೊಸದರಂತೆ ಓಡುತ್ತಿತ್ತು. ಮೂರು ದಿನ ಓಡಿತು. ನಾಲ್ಕನೆಯ ದಿನ ಪಂಪು ಗುಂಯ್‌ಗುಟ್ಟಿತು, ಒಂದು ಹನಿ ನೀರೂ ಇಳಿಯಲಿಲ್ಲ.

ರಿಪೇರಿಯವರು ಬಿಚ್ಚಿ ತೋರಿಸಿದಾಗ ನನ್ನ ತಪ್ಪು ಒಂದಲ್ಲ, ಎರಡು ಎಂದು ತಿಳಿಯಿತು. ದಪ್ಪ ಸುಣ್ಣದ ಪದರ ಒಮ್ಮೆಗೇ ಕರಗುವುದಿಲ್ಲ. ಬುಡ ಸಡಿಲಗೊಂಡು ಚಕ್ಕೆಚಕ್ಕೆಯಾಗಿ ಏಳುತ್ತದೆ. ಅಕ್ಕಿನುಚ್ಚಿನಷ್ಟು ಗಾತ್ರದ ಚಕ್ಕೆಗಳು ದಿನಕ್ಕಿಷ್ಟು ತೇಲಿ ಹೋಗಿ ನೀರಿನ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟದ ಸಣ್ಣ ತೂತಿನಲ್ಲಿ ಕಚ್ಚಿಕೊಂಡಿದ್ದವು. ಅದಾದರೂ ಕವಾಟ ಬಿಚ್ಚಿ ತೊಳೆದರೆ ಹೋಗುವಂಥದ್ದು. ಎರಡನೆಯದು ಬಾಯ್ಲರ್, ಅಂದರೆ ನೀರು ಕಾಯಿಸುವ ಪಾತ್ರೆ. ಅಗ್ಗದ ಮತ್ತು ಮಧ್ಯಮ ಬೆಲೆಯ ಬಹಳಷ್ಟು ಯಂತ್ರಗಳಂತೆ ನನ್ನದರಲ್ಲೂ ಅದು ಅಲ್ಯೂಮಿನಿಯಂನದು. ನಿಂಬೆ ಉಪ್ಪು ಸುಣ್ಣ ತೆಳುವಾಗಿದ್ದ ಕಡೆ ಅದನ್ನು ಮುಗಿಸಿ ಲೋಹಕ್ಕೆ ಬಾಯಿ ಹಾಕಿತ್ತು. ಒಳಮೈಯೆಲ್ಲ ಸಿಡುಬಿನ ಮುಖದಂತೆ ಗುಳಿಬಿದ್ದಿತ್ತು. ಬೆಳಗಿನ ಬೂದು ನೀರು ಕೊಳೆಯಲ್ಲ, ಬಾಯ್ಲರೇ.

ನನಗೆ ನಾಚಿಕೆಯಾದದ್ದು ಅಲ್ಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಮಾಡಿಡಬಾರದೆಂದು ನಮ್ಮ ಅಜ್ಜಿ ಗದರುತ್ತಿದ್ದರು. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಉಜ್ಜಿದರೆ ಕೂಡಲೇ ತೊಳೆಯಬೇಕೆಂದು ಮನೆಯ ಮಕ್ಕಳಿಗೂ ಗೊತ್ತಿತ್ತು. ಅದೇ ಹುಳಿಯನ್ನು ಪುಡಿಯಾಗಿ ಪೊಟ್ಟಣದಲ್ಲಿ ಕೊಟ್ಟಾಗ ನಾನು ಗುರುತು ಹಿಡಿಯಲಿಲ್ಲ.

ವಾರಂಟಿ ಇನ್ನೂ ಇತ್ತು. ಸುಣ್ಣದಿಂದಾದ ಹಾನಿ ಅದರಲ್ಲಿ ಬರುವುದಿಲ್ಲ ಎಂಬ ಸಾಲೂ ಅದರಲ್ಲೇ ಇತ್ತು. ಬಾಯ್ಲರ್, ರಬ್ಬರ್ ಉಂಗುರಗಳು, ಕೂಲಿ ಸೇರಿ 11,400 ರೂಪಾಯಿ. ಬಿಡಿಭಾಗ ವಿದೇಶದಿಂದ ಬರಲು ಏಳು ವಾರ. ಆ ಏಳು ವಾರ ಅಪ್ಪನ ಮುಖದಲ್ಲಿ ಹಿತ್ತಾಳೆಯ ಹೊಳಪು.

ಈಗ ನಾನು ಹೇಗೆ ಮಾಡುತ್ತೇನೆ? ಎರಡು ತಿಂಗಳಿಗೊಮ್ಮೆ, ಲೀಟರಿಗೆ 20 ಗ್ರಾಂ, ಯಂತ್ರ ತಣ್ಣಗಿದ್ದಾಗ. ಬಿಸಿ ಮಾಡಿದ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಗಸಿ ಕೂರುವ ಅಪಾಯವಿದೆ. ಅದೂ ಬಿಸಿಯಲ್ಲಿ ಕಡಿಮೆ ಕರಗುವ ಜಾತಿ. ಸ್ವಲ್ಪ ಹರಿಸಿ ಐದು ನಿಮಿಷ ಕಾದು, ಮತ್ತೆ ಹರಿಸಿ, ಒಟ್ಟು ಇಪ್ಪತ್ತು ನಿಮಿಷದೊಳಗೆ ಮುಗಿಸಿ, ಎರಡು ಪೂರ್ತಿ ಟ್ಯಾಂಕ್ ಶುದ್ಧ ನೀರು ಹರಿಸುತ್ತೇನೆ. ನಿಮ್ಮ ಬಾಯ್ಲರ್ ಯಾವ ಲೋಹದ್ದು, ತಯಾರಕರು ಯಾವ ಆಮ್ಲಕ್ಕೆ ಒಪ್ಪಿದ್ದಾರೆ ಎಂದು ಮೊದಲು ನೋಡಿಕೊಳ್ಳಿ. ಎರಡು ಬಾಯ್ಲರಿನ ದುಬಾರಿ ಯಂತ್ರಗಳಲ್ಲಿ ಕೆಲವಕ್ಕೆ ಮನೆಯಲ್ಲಿ ಈ ಕೆಲಸವೇ ಬೇಡವೆಂದಿರುತ್ತಾರೆ. ವಿನೆಗರ್ ಬೇಡ, ವಾಸನೆ ಬಿಡದು. ಇನ್ನು ಬ್ಲೀಚಿನ ಜೊತೆ ಯಾವ ಹುಳಿಯನ್ನೂ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕಾಫಿಯ ಎಣ್ಣೆ ಜಿಡ್ಡು ತೆಗೆಯುವ ಪುಡಿ ಬೇರೆ, ಸುಣ್ಣ ತೆಗೆಯುವುದು ಬೇರೆ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಇದಕ್ಕಿಂತ ಮುಖ್ಯ ನೀರು. ಆರ್‌ಒ ನೀರಿನ ಜೊತೆ ಸ್ವಲ್ಪವೇ ನಲ್ಲಿ ನೀರು ಬೆರೆಸಿ ಬಳಸುತ್ತೇನೆ. ಬರೀ ಆರ್‌ಒ ನೀರಿನ ಕಾಫಿ ನನ್ನ ನಾಲಿಗೆಗೆ ಸಪ್ಪೆ. ಜೊತೆಗೆ, ನೀರಿನ ವಿದ್ಯುತ್ ವಾಹಕತೆಯಿಂದ ಮಟ್ಟ ಅಳೆಯುವ ಬಾಯ್ಲರುಗಳು ತೀರ ಶುದ್ಧ ನೀರನ್ನು ನೀರೆಂದೇ ಗುರುತಿಸದೆ ತುಂಬಿಕೊಳ್ಳುತ್ತಲೇ ಇರಬಹುದು. ನೀರಿನಲ್ಲಿ ಕರಗಿದ್ದರ ಒಟ್ಟು ಮೊತ್ತ ತೋರಿಸುವ ಟಿಡಿಎಸ್ ಕಡ್ಡಿ ಅದ್ದಿ ಗಡಸುತನ ಅಳೆದೆನೆಂದುಕೊಳ್ಳಬೇಡಿ. ಅದಕ್ಕೆ ಅಡುಗೆ ಉಪ್ಪೂ ಒಂದೇ, ಸುಣ್ಣವೂ ಒಂದೇ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಹನಿ ಪರೀಕ್ಷೆಯ ಸೀಸೆ ಸಾಕು. ಅದೂ ಇಲ್ಲವೆಂದರೆ ಯಂತ್ರಕ್ಕೆ ಹಾಕುವ ನೀರನ್ನೇ ಒಂದು ವಾರ ಕೆಟಲಿನಲ್ಲಿ ಕಾಯಿಸಿ ತಳ ನೋಡಿ.

2024ರ ಅಕ್ಟೋಬರಿನಲ್ಲಿ ನಗರಕ್ಕೆ ನದಿ ನೀರು ತರುವ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಗಿ, ಕೆಲ ತಿಂಗಳಿಗೆ ನಮ್ಮ ಕಟ್ಟಡಕ್ಕೂ ಸಂಪರ್ಕ ಬಂತು. ನದಿಯ ನೀರು, ಮೆದು. ಇನ್ನು ಚಿಂತೆಯಿಲ್ಲವೆಂದು ಕೆಟಲ್ ತೊಳೆದಿಟ್ಟೆ. ಒಂದು ವಾರದಲ್ಲಿ ತಳದಲ್ಲಿ ಮತ್ತೆ ಬಿಳಿ ಉಂಗುರ. ಕೆಳಗಿಳಿದು ವಿಚಾರಿಸಿದರೆ, ಕಾವೇರಿ ಬರುವುದು ವಾರಕ್ಕೆರಡು ದಿನ, ಉಳಿದ ದಿನ ನೆಲದಡಿಯ ಅದೇ ತೊಟ್ಟಿಗೆ ಟ್ಯಾಂಕರ್ ನೀರನ್ನೂ ಬಿಡುತ್ತಾರಂತೆ. ಯಾವ ದಿನ ಯಾವುದು ಎಷ್ಟು ಎಂದು ಕಾವಲುಗಾರನಿಗೆ ಮಾತ್ರ ಗೊತ್ತು. ಈಗ ಪ್ರತಿ ಭಾನುವಾರ ಅವನಿಗೊಂದು ಕಾಫಿ ಕೊಟ್ಟು ಕೇಳಿಕೊಂಡು ಬರುತ್ತೇನೆ.