ಡಾಲಿಯ ಕೋಟು, ಲೊರೆಟ್ಟಾಳ ಗಣಿ: ಒಂದು ತಿಂಗಳು ಕೇಳಿದ ಮೇಲೆ

ಅಮೆರಿಕದ ಹಳ್ಳಿಗಾಡಿನ ಹಳೆಯ ಕಂಟ್ರಿ ಸಂಗೀತ ಕೇಳಬೇಕು, ಯಾವ ಗಾಯಕಿಯ ಆಲ್ಬಮ್‌ನಿಂದ ಶುರು ಮಾಡಲಿ ಎಂದು ಸ್ನೇಹಿತರೊಬ್ಬರು ಕೇಳಿದರು. ನನ್ನ ಬಾಯಿಗೆ ಒಟ್ಟಿಗೇ ಎರಡು ಆಲ್ಬಮ್ ಬಂದವು. ಡಾಲಿ ಪಾರ್ಟನ್ ಹಾಡಿದ ‘ಕೋಟ್ ಆಫ್ ಮೆನಿ ಕಲರ್ಸ್’, ಲೊರೆಟ್ಟಾ ಲಿನ್ ಹಾಡಿದ ‘ಕೋಲ್ ಮೈನರ್ಸ್ ಡಾಟರ್’. ಎರಡೂ 1971ರವು. ಎರಡರಲ್ಲೂ ಮೊದಲ ಹಾಡು ಬಡತನದ ಬಾಲ್ಯದ್ದು. ಒಂದನ್ನೇ ಹೇಳಿ ಅಂದರು. ಸರಿ, ತಿಂಗಳಿಡೀ ಕೇಳಿಯೇ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು, ರಾತ್ರಿ ಹೆಡ್‌ಫೋನಿನಲ್ಲಿ ಇನ್ನೊಂದು.

ಮೊದಲ ಹಾಡುಗಳನ್ನಷ್ಟೇ ಎದುರುಬದುರು ಇಟ್ಟರೆ ನನ್ನ ಓಟು ಲೊರೆಟ್ಟಾಗೆ. ಡಾಲಿಯದು ಕಥೆ. ಟೆನ್ನೆಸ್ಸಿಯ ಬೆಟ್ಟದ ಮನೆ, ಹನ್ನೆರಡು ಮಕ್ಕಳು. ಅಮ್ಮ ಚಿಂದಿ ಬಟ್ಟೆಗಳನ್ನು ಜೋಡಿಸಿ, ನಮ್ಮ ಕಡೆ ಕೌದಿ ಹೊಲಿಯುವ ಹಾಗೆ, ಮಗಳಿಗೊಂದು ಕೋಟು ಹೊಲಿಯುತ್ತಾಳೆ. ಹೊಲಿಯುತ್ತಲೇ, ಬಣ್ಣಬಣ್ಣದ ಕೋಟು ತೊಟ್ಟಿದ್ದ ಬೈಬಲ್ಲಿನ ಜೋಸೆಫನ ಕಥೆ ಹೇಳುತ್ತಾಳೆ. ಹುಡುಗಿ ಜಂಬದಿಂದ ಶಾಲೆಗೆ ಹೋದರೆ ಎಲ್ಲರೂ ನಗುತ್ತಾರೆ. ಈ ಹಾಡನ್ನು ಡಾಲಿ 1969ರಲ್ಲಿ ಬಸ್ಸಿನಲ್ಲಿ ಹೋಗುತ್ತಾ ಬರೆದಳಂತೆ. ಕಾಗದ ಇರಲಿಲ್ಲ. ಜೊತೆಗೆ ಹಾಡುತ್ತಿದ್ದ ಗಾಯಕ ಪೋರ್ಟರ್ ವ್ಯಾಗನರ್‌ನ ಸೂಟಿನ ಡ್ರೈಕ್ಲೀನಿಂಗ್ ರಸೀದಿಯ ಹಿಂಬದಿಯೇ ಗತಿಯಾಯಿತು. ಮೆಲ್ಲಗೆ ಮೀಟುವ ಗಿಟಾರು, ಹತ್ತಿರ ಕೂತು ಹೇಳಿದಂಥ ದನಿ. ಎಲ್ಲ ಚೆನ್ನಾಗಿದೆ. ಆದರೆ ಕೊನೆಗೆ ಬಡತನ ಅಂದರೆ ಏನು ಎಂದು ಅವಳೇ ಬಿಡಿಸಿ ಹೇಳಿಬಿಡುತ್ತಾಳೆ. ಅದು ಬೇಕಿತ್ತಾ? ಕೋಟು ಕಣ್ಣಿಗೆ ಕಂಡಮೇಲೆ ನನಗೆ ಬೇಕಿರಲಿಲ್ಲ.

ಲೊರೆಟ್ಟಾಳ ಹಾಡಿನಲ್ಲಿ ಅಂಥ ಕಥೆಯೇ ಇಲ್ಲ. ಬರೀ ಪಟ್ಟಿ. ಕೆಂಟಕಿಯ ಬುಚರ್ ಹಾಲರ್‌ನ ಮನೆ. ಅಪ್ಪ ರಾತ್ರಿ ಕಲ್ಲಿದ್ದಲು ಗಣಿಯಲ್ಲಿ, ಹಗಲು ಜೋಳದ ಹೊಲದಲ್ಲಿ. ಬಟ್ಟೆ ಉಜ್ಜಿ ಉಜ್ಜಿ ಅಮ್ಮನ ಬೆರಳಲ್ಲಿ ರಕ್ತ. ಬೇಸಿಗೆಯಲ್ಲಿ ಬರಿಗಾಲು. ಚಳಿಗಾಲಕ್ಕೆ ಹಂದಿ ಮಾರಿ, ಆ ದುಡ್ಡಿನಲ್ಲಿ ಅಂಚೆಯಲ್ಲಿ ತರಿಸಿದ ಹೊಸ ಶೂ. ಎಲ್ಲೂ ಗೋಳಿಲ್ಲ. ಗಿಟಾರಿನಂಥ ತಂತಿವಾದ್ಯ ಬ್ಯಾಂಜೋ ಕುಣಿಯುತ್ತಾ ಹೋಗುತ್ತದೆ, ನಡುವೆ ಶ್ರುತಿ ಮೇಲೇರುತ್ತದೆ, ಅವಳು ಹೇಳುತ್ತಲೇ ಹೋಗುತ್ತಾಳೆ. ಅವಳ ಊರಿನ ಉಚ್ಚಾರಣೆಯಲ್ಲಿ ‘ಟಯರ್ಡ್’ ಎನ್ನುವುದು ‘ಟಾರ್ಡ್’ ಆಗುತ್ತದೆ. ಆಗಲೇ ಅದಕ್ಕೆ ‘ಹಾರ್ಡ್’ ಜೊತೆ ಪ್ರಾಸ ಕೂಡುವುದು! ಇದು ನನಗೆ ಹೊಳೆದದ್ದು ಎರಡನೇ ವಾರದಲ್ಲಿ, ಹೆಡ್‌ಫೋನಿನಲ್ಲಿ. ಬರೆದಾಗ ಹಾಡು ಇನ್ನೂ ಉದ್ದ ಇತ್ತು. ನಿರ್ಮಾಪಕ ಓವೆನ್ ಬ್ರಾಡ್ಲಿ ಕೆಲವು ಚರಣ ತೆಗೆಸಿದ. ಆ ಚರಣಗಳು ಹೇಗಿದ್ದವೋ ಅಂತ ನನಗೆ ಈಗಲೂ ಆಸೆ.

ಆದರೆ ಕೇಳಿದ್ದು ಆಲ್ಬಮ್ ಬಗ್ಗೆ, ಅಲ್ವಾ? ಅಲ್ಲಿ ಲೆಕ್ಕ ತಿರುಗುತ್ತದೆ. ಲೊರೆಟ್ಟಾಳ ಎರಡನೇ ಹಾಡೇ ‘ಹಲೋ ಡಾರ್ಲಿನ್’. ಅದು ಇನ್ನೊಬ್ಬ ಕಂಟ್ರಿ ಗಾಯಕ ಕಾನ್ವೇ ಟ್ವಿಟ್ಟಿಯ ಹಿಟ್. ಮುಂದೆ ‘ಫಾರ್ ದ ಗುಡ್ ಟೈಮ್ಸ್’, ‘ಸ್ನೋಬರ್ಡ್’. ಅವೂ ಆಗ ಬೇರೆಯವರ ದನಿಯಲ್ಲಿ ಓಡುತ್ತಿದ್ದ ಹಾಡುಗಳೇ. ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನಲ್ಲಿ ಆ ಕಾಲಕ್ಕೆ ಇದು ರೂಢಿ. ಒಂದು ಹಿಟ್ ಸಿಕ್ಕರೆ ಅದರ ಸುತ್ತ ಮಿಕ್ಕಿದ್ದನ್ನು ತುಂಬಿಸಿ ಆಲ್ಬಮ್ ಮಾಡುವುದು. ಲೊರೆಟ್ಟಾ ಕೆಟ್ಟದಾಗಿ ಹಾಡಿಲ್ಲ. ಆದರೆ ಮೂರನೇ ವಾರಕ್ಕೆ ನನ್ನ ಬೆರಳು ತಾನಾಗಿಯೇ ಮುಂದಿನ ಹಾಡಿಗೆ ಹೋಗುತ್ತಿತ್ತು.

ಡಾಲಿಯದು ಹತ್ತು ಹಾಡು, ಅರ್ಧ ಗಂಟೆಯೂ ಇಲ್ಲ. ಏಳು ಅವಳವೇ, ಮೂರು ವ್ಯಾಗನರ್ ಬರೆದದ್ದು. ಆ ಮೂರು ಸುಮಾರು. ಅವಳ ಏಳರಲ್ಲಿ ‘ಮೈ ಬ್ಲೂ ಟಿಯರ್ಸ್’ ಹಳ್ಳಿಯ ಹಳೇ ಪದದ ಹಾಗಿದೆ. ‘ಅರ್ಲಿ ಮಾರ್ನಿಂಗ್ ಬ್ರೀಜ್’ ಬೆಳಗಿನ ಕಾಫಿಗೆ ಸರಿಯಾದದ್ದು. ಒಬ್ಬಳೇ ಮನುಷ್ಯೆ ಎಷ್ಟು ಬಗೆಯಲ್ಲಿ ಮಾತಾಡಬಲ್ಲಳು ಅಂತ ಇಲ್ಲಿ ಗೊತ್ತಾಗುತ್ತದೆ. ಸ್ನೇಹಿತರಿಗೆ ಡಾಲಿಯನ್ನೇ ಹೇಳಿದೆ. ಲೊರೆಟ್ಟಾಳ ಆ ಒಂದು ಹಾಡನ್ನು ಜೊತೆಗೆ ಕಳಿಸಿದೆ.

ಅಡುಗೆಮನೆಯ ತೀರ್ಪು ಬೇರೆ. ಅಮ್ಮನಿಗೆ ಇಂಗ್ಲಿಷ್ ಬರದು. ಡಾಲಿಯ ‘ಟ್ರಾವೆಲಿಂಗ್ ಮ್ಯಾನ್’ ಬಂದಾಗ, “ಇದೇನು ಇಷ್ಟು ಖುಷಿಯಾಗಿದೆ?” ಎಂದರು. ಕಥೆ ಹೇಳಿದೆ. ಊರೂರು ಅಲೆಯುವ ವ್ಯಾಪಾರಿಯನ್ನು ಹುಡುಗಿ ಕದ್ದು ಪ್ರೀತಿಸುತ್ತಾಳೆ, ಅವನ ಜೊತೆ ಓಡಿಹೋಗಬೇಕು ಅಂತಿರುತ್ತಾಳೆ, ಕೊನೆಗೆ ನೋಡಿದರೆ ಅವನ ಜೊತೆ ಹೋದದ್ದು ಅವಳಮ್ಮ!

ಅಮ್ಮ ಸೌಟು ಹಿಡಿದು ನಿಂತೇಬಿಟ್ಟರು. “ಅಯ್ಯೋ ಶಿವನೇ. ಆಮೇಲೆ ಆ ಹುಡುಗಿ ಏನ್ಮಾಡಿದ್ಳು?”

“ಅಷ್ಟಕ್ಕೇ ಹಾಡು ಮುಗಿಯುತ್ತೆ.”

“ಇನ್ನೊಂದ್ಸಲ ಹಾಕು.”