ಫೋರ್ಜೆಯೋ: ಕೋಡ್ ಬರೆಯದ ತಂಡದ ಕೈಯಲ್ಲಿ, ದೀರ್ಘ ಬಳಕೆಯ ನಂತರ

ಫೋರ್ಜೆಯೋ ಪ್ರೋಗ್ರಾಮರ್‌ಗಳಿಗಾಗಿ ಹುಟ್ಟಿದ, ಸ್ವಂತ ಸರ್ವರ್‌ನಲ್ಲಿ ನಡೆಸಬಹುದಾದ ತಂತ್ರಾಂಶ. ಕೋಡ್ ಇಡುವುದು, ಬದಲಾವಣೆ ಪರಿಶೀಲಿಸುವುದು, ದೋಷಗಳ ಪಟ್ಟಿ ಇಡುವುದು ಅದರ ಮೂಲ ಕೆಲಸ. ಈ ವಿಮರ್ಶೆ ಆ ಬಳಕೆಯ ಬಗ್ಗೆ ಅಲ್ಲ. ಚಿಂತಾಮಣಿಯಲ್ಲಿ ಕಚೇರಿ, ಶಿಡ್ಲಘಟ್ಟದ ಕಡೆ ಸಂಗ್ರಹಣಾ ಕೇಂದ್ರ, ಕೋಲಾರದ ಎಪಿಎಂಸಿಯಲ್ಲಿ ವಹಿವಾಟು ಇರುವ ಒಂದು ರೈತ ಉತ್ಪಾದಕ ಕಂಪನಿಯ ದಿನನಿತ್ಯದ ಕೆಲಸಕ್ಕೆ ಇದು ಎಷ್ಟು ಒಗ್ಗುತ್ತದೆ ಎಂಬುದರ ಬಗ್ಗೆ. ಖರೀದಿ, ಲೆಕ್ಕ, ಗೊಬ್ಬರ-ಔಷಧಿ ಮಾರಾಟ, ಸಾಗಣೆ ಎಲ್ಲ ಇದೆ. ತಂಡದಲ್ಲಿ ಕೋಡ್ ಬಲ್ಲವರು ಒಬ್ಬರೇ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಎಲ್ಲರೂ ಆಸೆಪಟ್ಟು ನೋಡುವ, ಕೆಲಸಗಳನ್ನು ಕಾರ್ಡ್‌ಗಳಾಗಿ ಜೋಡಿಸುವ ಬೋರ್ಡ್ ಇದರಲ್ಲಿ ಸಾಧಾರಣ. ಯಾರೂ ಗಮನಿಸದ ಇಶ್ಯೂ ಫಾರಂ, ಅಂದರೆ ಒಂದು ಕೆಲಸ ಅಥವಾ ಸಮಸ್ಯೆಯನ್ನು ದಾಖಲಿಸುವ ನಮೂನೆ, ಇದರ ನಿಜವಾದ ಬಲ.

ಹಿನ್ನೆಲೆ ಸ್ವಲ್ಪ. 2016ರಲ್ಲಿ ಗಾಗ್ಸ್ ಎಂಬ ತಂತ್ರಾಂಶದಿಂದ ಗಿಟಿಯಾ ಕವಲೊಡೆಯಿತು. 2022ರ ಅಕ್ಟೋಬರ್‌ನಲ್ಲಿ ಗಿಟಿಯಾದ ಹೆಸರು, ಡೊಮೇನ್ ಒಂದು ಕಂಪನಿಯ ಕೈಗೆ ಹೋದದ್ದನ್ನು ಒಪ್ಪದ ಸಮುದಾಯ ಅದೇ ವರ್ಷದ ಡಿಸೆಂಬರ್‌ನಲ್ಲಿ ಫೋರ್ಜೆಯೋ ಆರಂಭಿಸಿತು. ಬರ್ಲಿನ್‌ನ ಕೋಡ್‌ಬರ್ಗ್ ಎಂಬ ಲಾಭರಹಿತ ಸಂಘ ಅದರ ಆಶ್ರಯ. 2024ರಲ್ಲಿ ಗಿಟಿಯಾ, ಫೋರ್ಜೆಯೋ ಎರಡೂ ಪೂರ್ತಿ ಬೇರೆಯಾದವು. 9ನೇ ಆವೃತ್ತಿಯಿಂದ ಪರವಾನಗಿ ಜಿಪಿಎಲ್, ಅಂದರೆ ತಿದ್ದಿ ಹಂಚಿದರೂ ಮುಕ್ತವಾಗಿಯೇ ಉಳಿಯಬೇಕು. ಈ ಯೋಜನೆಯವರು ತಮ್ಮ ನಿರ್ಧಾರಗಳನ್ನೂ ಇದೇ ತಂತ್ರಾಂಶದ ಇಶ್ಯೂಗಳಲ್ಲಿ ಎಲ್ಲರಿಗೂ ಕಾಣುವಂತೆ ಚರ್ಚಿಸುತ್ತಾರೆ. ಅದನ್ನು ಒಂದು ಸಂಜೆ ಕೂತು ಓದಿದರೆ, ಸಾಧನದ ಕೈಪಿಡಿಗಿಂತ ಹೆಚ್ಚು ಕಲಿಯಬಹುದು.

ಇಶ್ಯೂ: ಒಂದು ಕೆಲಸ, ಒಂದು ಹೆಸರು

ವಾಟ್ಸಾಪ್ ಗುಂಪಿನಲ್ಲಿ ಕೆಲಸ ಕಳೆದುಹೋಗುವುದಕ್ಕೆ ಕಾರಣ ಸೋಮಾರಿತನವಲ್ಲ. ಬೆಳಿಗ್ಗೆ ಬಂದ "14 ಕ್ರೇಟ್ ಕಮ್ಮಿ ಬಂದಿದೆ ಅಣ್ಣ" ಎಂಬ ಸಂದೇಶ ಮಧ್ಯಾಹ್ನದ ಹೊತ್ತಿಗೆ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತಿರುತ್ತದೆ. ಅದಕ್ಕೆ ಒಡೆಯರಿಲ್ಲ, ಮುಗಿಯಿತೇ ಇಲ್ಲವೇ ಎಂಬ ಗುರುತಿಲ್ಲ. ಇಶ್ಯೂ ಒಂದು ಸಂಖ್ಯೆಯ ಜೊತೆ ಈ ಎರಡನ್ನೂ ಕೊಡುತ್ತದೆ: ಒಬ್ಬ ಹೊಣೆಗಾರ, ತೆರೆದಿದೆ ಅಥವಾ ಮುಚ್ಚಿದೆ ಎಂಬ ಸ್ಥಿತಿ.

ತಂತ್ರಾಂಶ ಒಂದು ಇಶ್ಯೂಗೆ ಹಲವರನ್ನು ಹೊಣೆಗಾರರನ್ನಾಗಿಸಲು ಬಿಡುತ್ತದೆ. ಹಾಗೆ ಮಾಡಬೇಡಿ. ಇಬ್ಬರ ಹೆಸರಿದ್ದರೆ ಇಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಉಳಿದವರನ್ನು ಕಮೆಂಟ್‌ನಲ್ಲಿ ಹೆಸರು ಹಿಡಿದು ಕರೆದರೆ ಸಾಕು.

ಖಾಲಿ ಡಬ್ಬಿ ಕೊಟ್ಟು "ಸಮಸ್ಯೆ ಬರೆಯಿರಿ" ಅಂದರೆ ಬರುವುದು "ಲೋಡ್ ಪ್ರಾಬ್ಲಂ" ಎಂಬ ಎರಡು ಪದ. ಫಾರಂ ಬೇಕಾಗುವುದು ಇಲ್ಲಿ. ರೆಪೊಸಿಟರಿಯ (ಫೈಲ್‌ಗಳನ್ನು ಇಡುವ ಜಾಗ) ಮುಖ್ಯ ಬ್ರಾಂಚ್‌ನಲ್ಲಿ, ಅಂದರೆ ಮೂಲ ಪ್ರತಿಯಲ್ಲಿ, ಇಶ್ಯೂ ಟೆಂಪ್ಲೇಟ್ ಫೋಲ್ಡರ್ ಮಾಡಿ, ಯಾಮಲ್ ಎಂಬ ಸರಳ ಪಠ್ಯ ರೂಪದಲ್ಲಿ ಫಾರಂ ಬರೆದಿಟ್ಟರೆ, ಹೊಸ ಇಶ್ಯೂ ಒತ್ತಿದ ಕೂಡಲೇ ಅದು ತೆರೆದುಕೊಳ್ಳುತ್ತದೆ. ಒಂದು ಸಾಲಿನ ಉತ್ತರ, ದೊಡ್ಡ ಡಬ್ಬಿ, ಆಯ್ಕೆ ಪಟ್ಟಿ, ಟಿಕ್ ಡಬ್ಬಿ ಎಲ್ಲವೂ ಸಿಗುತ್ತವೆ. ಯಾವುದನ್ನು ಬೇಕಾದರೂ ಕಡ್ಡಾಯ ಮಾಡಬಹುದು. ಖರೀದಿ ವ್ಯತ್ಯಾಸದ ಫಾರಂಗೆ ಒಗ್ಗಿರುವ ಪ್ರಶ್ನೆಗಳು ಐದು: ಯಾವ ದಿನದ ಲೋಡ್, ಲಾಟ್ ಸಂಖ್ಯೆ ಎಷ್ಟು, ಎಷ್ಟಿರಬೇಕಿತ್ತು ಮತ್ತು ಎಷ್ಟಿದೆ, ಯಾರ ಪರವಾಗಿ ಬರೆಯುತ್ತಿದ್ದೀರಿ, ಏನಾದರೆ ಇದು ಮುಗಿದಂತೆ. ಆರನೆಯ, ಏಳನೆಯ ಪ್ರಶ್ನೆ ಸೇರಿಸಿದರೆ ಜನ ಮತ್ತೆ ವಾಟ್ಸಾಪ್‌ಗೆ ಓಡುತ್ತಾರೆ.

ಕೊನೆಯ ಪ್ರಶ್ನೆಗೆ ಬೆಲೆ ಹೆಚ್ಚು. "ವ್ಯತ್ಯಾಸ ಸರಿಮಾಡುವುದು" ಅಂದರೆ ಮುಗಿಯುವುದೇ ಇಲ್ಲ. "ರೈತರ ಖಾತೆಗೆ ಬಾಕಿ ಜಮೆಯಾಗಿ, ಅವರಿಗೆ ಫೋನ್ ಮಾಡಿ ಹೇಳಿದ ಮೇಲೆ" ಅಂದರೆ ಮುಚ್ಚುವಾಗ ಜಗಳವಿಲ್ಲ. ಅಜೈಲ್ ಎಂಬ ಕೆಲಸದ ಪದ್ಧತಿಯವರು ಇದನ್ನೇ ಮುಗಿದದ್ದರ ವ್ಯಾಖ್ಯೆ ಅನ್ನುತ್ತಾರೆ.

"ಯಾರ ಪರವಾಗಿ" ಎಂಬುದೂ ಸುಮ್ಮನೆ ಅಲ್ಲ. ಸಂಗ್ರಹಣಾ ಕೇಂದ್ರದ ಹಿರಿಯರು ಫಾರಂ ತುಂಬುವುದಿಲ್ಲ, ಫೋನ್ ಮಾಡುತ್ತಾರೆ, ಅರ್ಧ ತೆಲುಗಿನಲ್ಲಿ ಹೇಳುತ್ತಾರೆ. ಅವರನ್ನು ಫಾರಂಗೆ ಎಳೆಯುವ ಹಟ ಬೇಡ. ಫೋನ್ ಎತ್ತಿದವರೇ ಬರೆಯಬೇಕು ಎಂಬುದು ನಿಯಮವಾದರೆ ಸಾಕು.

ಯಾಮಲ್ ಫೈಲ್‌ನಲ್ಲಿ ಅಂಚು ಬಿಡಲು ಟ್ಯಾಬ್ ಒತ್ತಿದರೆ ಫಾರಂ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಸ್ಪೇಸ್ ಮಾತ್ರ ಬಳಸಿ. ಫಾರಂ ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ಲೇಬಲ್‌ಗಳಲ್ಲಿ ಒಂದು ಉಪಯುಕ್ತ ಸೌಲಭ್ಯವಿದೆ. ಹೆಸರಿನಲ್ಲಿ ಓರೆಗೆರೆ ಇಟ್ಟು ("ಸ್ಥಿತಿ/ಕಾಯುತ್ತಿದೆ", "ಸ್ಥಿತಿ/ನಡೆಯುತ್ತಿದೆ") ಎಕ್ಸ್‌ಕ್ಲೂಸಿವ್ ಎಂದು ಟಿಕ್ ಮಾಡಿದರೆ, ಆ ಗುಂಪಿನ ಒಂದು ಲೇಬಲ್ ಮಾತ್ರ ಉಳಿಯುತ್ತದೆ. ಹೊಸದು ಹಾಕಿದರೆ ಹಳೆಯದು ತಾನೇ ಹೋಗುತ್ತದೆ. ಬೆಳೆಗೂ ಲೇಬಲ್ ಇಡಿ. ಏಕೆಂದರೆ ಟೊಮೇಟೊ, ಟೊಮ್ಯಾಟೋ, ಟಮಾಟ ಎಂದು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. "ಕ್ರೇಟ್" ಮತ್ತು "ಕ್ರೇಟಿನಲ್ಲಿ" ಒಂದೇ ಪದದ ಎರಡು ರೂಪ ಎಂಬುದು ಹುಡುಕಾಟದ ಯಂತ್ರಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ ಲೇಬಲ್ ಇಲ್ಲದೆ ಹಳೆಯದನ್ನು ಹುಡುಕುವುದು ಕಷ್ಟ.

ಒಂದು ಇಶ್ಯೂ ಇನ್ನೊಂದರ ಮೇಲೆ ಅವಲಂಬಿತ ಎಂದು ಕಟ್ಟಬಹುದು. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. 3ಬಿ ಇಶ್ಯೂವನ್ನು "ಔಷಧಿ ಖರೀದಿ ಬಿಲ್ ಹೊಂದಾಣಿಕೆ" ಇಶ್ಯೂಗೆ ಕಟ್ಟಿ ಗಡುವು ದಿನಾಂಕ ಹಾಕಿದರೆ, ಹೊಂದಾಣಿಕೆ ತೆರೆದಿರುವಾಗ 3ಬಿ ಮುಚ್ಚಲು ತಂತ್ರಾಂಶ ಬಿಡುವುದಿಲ್ಲ. ಕೊರತೆ ಏನೆಂದರೆ ಪ್ರತಿ ತಿಂಗಳು ತಾನಾಗಿ ಹುಟ್ಟುವ ಇಶ್ಯೂ ಇಲ್ಲ. ಎಪಿಐ (ತಂತ್ರಾಂಶಕ್ಕೆ ಸ್ಕ್ರಿಪ್ಟ್‌ನಿಂದ ಆಜ್ಞೆ ಕೊಡುವ ದಾರಿ) ಬಳಸಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಓಡಿಸಬೇಕು. ಕೋಡ್ ಬಲ್ಲವರಿಗೆ ಅದು ಅರ್ಧ ಗಂಟೆಯ ಕೆಲಸ, ಬಾರದವರಿಗೆ ಗೋಡೆ.

ಬೋರ್ಡ್, ಸ್ಪ್ರಿಂಟ್, ಸ್ಟ್ಯಾಂಡಪ್

ಪ್ರಾಜೆಕ್ಟ್ ಬೋರ್ಡ್‌ನಲ್ಲಿ ಕಾಲಂ ಮಾಡಿ ಕಾರ್ಡ್ ಎಳೆಯಬಹುದು, ಅಷ್ಟೇ. ಒಂದು ಕಾಲಂನಲ್ಲಿ ಇಷ್ಟೇ ಕಾರ್ಡ್ ಎಂಬ ಮಿತಿ ಹಾಕಲಾಗದು. ಟೊಯೋಟಾದಿಂದ ಬಂದ ಕಾನ್‌ಬಾನ್ ಎಂಬ ಕಾರ್ಡ್ ಪದ್ಧತಿಯ ಜೀವ ಇರುವುದೇ ಆ ಮಿತಿಯಲ್ಲಿ. ಅದಿಲ್ಲದಿದ್ದರೆ "ನಡೆಯುತ್ತಿದೆ" ಕಾಲಂ ಮಾರುದ್ದ ಬೆಳೆಯುತ್ತದೆ. ವೀಕ್ಯಾನ್ ಎಂಬ ಇನ್ನೊಂದು ಬೋರ್ಡ್ ತಂತ್ರಾಂಶದಲ್ಲಿ ಈ ಮಿತಿ ಇದೆ. ಇಲ್ಲಿ ಕಾಲಂನ ಹೆಸರಿನಲ್ಲೇ "ನಡೆಯುತ್ತಿದೆ (6)" ಎಂದು ಬರೆದು, ಪಕ್ಕದಲ್ಲಿ ಕಾಣುವ ಎಣಿಕೆ ನೋಡಿ ಕಣ್ಣಳತೆಯಲ್ಲೇ ಪಾಲಿಸಬೇಕು. ಫೋನಿನ ಪರದೆಯಲ್ಲಿ ಕಾರ್ಡ್ ಎಳೆಯುವುದು ತಾಳ್ಮೆ ಕೆಡಿಸುತ್ತದೆ; ಲೇಬಲ್ ಬದಲಿಸುವುದು ಸುಲಭ. ಅಧಿಕೃತ ಮೊಬೈಲ್ ಆ್ಯಪ್ ಇಲ್ಲ, ಆಂಡ್ರಾಯ್ಡ್‌ಗೆ ಹೊರಗಿನವರು ಮಾಡಿದ ಗಿಟ್‌ನೆಕ್ಸ್ ಇದೆ.

ಎರಡು ವಾರದ ಸ್ಪ್ರಿಂಟ್ (ಮೊದಲೇ ಯೋಜಿಸಿದ ಕೆಲಸದ ಅವಧಿ) ಎಲ್ಲದಕ್ಕೂ ಒಗ್ಗುವುದಿಲ್ಲ. ಟೊಮೇಟೊ ಬೆಲೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬದಲಾಗುತ್ತದೆ, ಮಳೆ ಬಂದರೆ ಕೊಯ್ಲು ನಿಲ್ಲುತ್ತದೆ. ಖರೀದಿ-ಸಾಗಣೆಗೆ ಯೋಜನೆಯ ಅವಧಿ ಹಾಕುವುದು ವ್ಯರ್ಥ. ಅಲ್ಲಿ ಬಂದದ್ದನ್ನು ಸಾಲಿನಲ್ಲಿ ಮುಗಿಸುತ್ತ ಹೋಗಬೇಕು. ಆಡಿಟ್ ತಯಾರಿ, ಷೇರುದಾರರ ಪಟ್ಟಿ ಪರಿಷ್ಕರಣೆ, ವಾರ್ಷಿಕ ಸಭೆಯ ಕಾಗದಪತ್ರದಂಥ ಕೆಲಸಕ್ಕೆ ಮೈಲಿಗಲ್ಲು (ಒಂದು ಗುರಿಯ ಇಶ್ಯೂಗಳ ಗುಂಪು) ಇಟ್ಟು, ಎರಡು ವಾರದ ಗಡುವು ಹಾಕಿದರೆ ಶೇಕಡಾವಾರು ಪ್ರಗತಿ ತಾನೇ ಕಾಣುತ್ತದೆ. ಒಂದೇ ತಂಡದಲ್ಲಿ ಎರಡು ಲಯ ಇರಬಾರದು ಅನ್ನುವವರು ಮಂಡಿ ಕಂಡವರಲ್ಲ.

ದಿನದ ಚಿಕ್ಕ ಸಭೆಯಾದ ಸ್ಟ್ಯಾಂಡಪ್‌ಗೆ ಸ್ಕ್ರಂ ಎಂಬ ಅಜೈಲ್ ಪದ್ಧತಿ ಹೇಳುವುದು 15 ನಿಮಿಷ. ಮೂರು ಊರುಗಳಲ್ಲಿ ಹರಡಿದವರಿಗೆ ಕರೆಗಿಂತ ಬರಹ ವಾಸಿ: ವಾರಕ್ಕೊಂದು ಇಶ್ಯೂ ತೆರೆದು ಅದನ್ನು ಪಿನ್ ಮಾಡಿ, ಪ್ರತಿಯೊಬ್ಬರೂ ದಿನಕ್ಕೊಂದು ಕಮೆಂಟ್. ಮುಗಿದದ್ದು, ಇವತ್ತಿನದು, ಎಲ್ಲಿ ಸಿಕ್ಕಿಕೊಂಡಿದೆ. ಮೂರನೆಯದನ್ನು ಬರೆಯದೆ "ಎಲ್ಲ ಓಕೆ" ಅನ್ನುವ ಚಟ ಎಲ್ಲ ತಂಡದಲ್ಲೂ ಇರುತ್ತದೆ. ಸಿಕ್ಕಿಕೊಂಡದ್ದಕ್ಕೆ ಇಶ್ಯೂ ಸಂಖ್ಯೆ ಹಾಕಬೇಕು ಎಂದರೆ ಸ್ವಲ್ಪ ಕಡಿಮೆಯಾಗುತ್ತದೆ. ಹ್ಯಾಶ್ (#) ಗುರುತಿನ ಜೊತೆ ಸಂಖ್ಯೆ ಬರೆದರೆ ಕೊಂಡಿ ತಾನೇ ಬೀಳುತ್ತದೆ.

ಕಾಗದಪತ್ರಕ್ಕೆ ಪುಲ್ ರಿಕ್ವೆಸ್ಟ್

ಖರೀದಿ ನಿಯಮ, ತೂಕದ ಕ್ರಮ, ದರಪಟ್ಟಿ ಇವನ್ನು ಯಾರಾದರೂ ತಿದ್ದಬಹುದು, ಆದರೆ ಇನ್ನೊಬ್ಬರು ಒಪ್ಪದೆ ಜಾರಿಯಾಗದು. ಹೀಗೆ ತಿದ್ದುಪಡಿ ಒಪ್ಪಿ ಎಂದು ಇಡುವ ಕೋರಿಕೆಯೇ ಪುಲ್ ರಿಕ್ವೆಸ್ಟ್. ಮುಕ್ತ ತಂತ್ರಾಂಶದ ಈ ಪದ್ಧತಿಯನ್ನು ಕಚೇರಿಗೆ ತರಲು ಬ್ರಾಂಚ್ ರಕ್ಷಣೆ (ಮೂಲ ಪ್ರತಿಯನ್ನು ನೇರವಾಗಿ ತಿದ್ದದಂತೆ ತಡೆ) ಹಾಕಿ, ಕನಿಷ್ಠ ಒಂದು ಒಪ್ಪಿಗೆ ಕಡ್ಡಾಯ ಮಾಡಿ. ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನ ಕಮಾಂಡ್ ಯಾರಿಗೂ ಕಲಿಸಬೇಕಿಲ್ಲ. ಬ್ರೌಸರ್‌ನಲ್ಲೇ ಪೆನ್ಸಿಲ್ ಗುರುತು ಒತ್ತಿ, ತಿದ್ದಿ, ಹೊಸ ಬ್ರಾಂಚ್ ಆಯ್ಕೆ ಮಾಡಿದರೆ ಪುಲ್ ರಿಕ್ವೆಸ್ಟ್ ಪುಟ ಬರುತ್ತದೆ.

ತೊಡಕು ತಂತ್ರದ್ದಲ್ಲ, ಮರ್ಯಾದೆಯದು. ಅಧ್ಯಕ್ಷರು ತಿದ್ದಿದ್ದಕ್ಕೆ ಕಿರಿಯ ಗುಮಾಸ್ತರು "ಬದಲಾವಣೆ ಬೇಕು" ಎಂಬ ಕೆಂಪು ಗುಂಡಿ ಒತ್ತುವುದಿಲ್ಲ. ಒತ್ತಲಿ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಸಾಲಿನ ಪಕ್ಕದಲ್ಲಿ ಪ್ರಶ್ನೆಯ ರೂಪದಲ್ಲಿ ಕಮೆಂಟ್ ಹಾಕುವುದು ನಡೆಯುತ್ತದೆ: "ಇಲ್ಲಿ ಬಾಕ್ಸ್ 15 ಕೆಜಿ ಅಂತಾನಾ ಸರ್, ಖಾಲಿ ಕ್ರೇಟಿನ ತೂಕ ಸೇರಿಸಿಯಾ?" ಹೀಗೆ ಕೇಳಿದರೆ ಯಾರ ಮುಖವೂ ಕೆಡುವುದಿಲ್ಲ, ಸಾಲು ಮಾತ್ರ ಸರಿಯಾಗುತ್ತದೆ.

ಅಪಾಚೆ ಸಂಸ್ಥೆಯ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ 72 ಗಂಟೆಯ ಮೌನ ಸಮ್ಮತಿ ಎಂಬ ರೂಢಿಯಿದೆ: ಪ್ರಸ್ತಾವ ಇಟ್ಟು ಅಷ್ಟು ಹೊತ್ತು ಕಾದು, ಯಾರೂ ಆಕ್ಷೇಪಿಸದಿದ್ದರೆ ಒಪ್ಪಿಗೆ ಎಂದು ಮುಂದುವರಿಯುವುದು. ಬೇಡ ಅನ್ನುವವರು ಕಾರಣ ಬರೆಯಬೇಕು. ನಿಯಮ ಪತ್ರಗಳಿಗೆ ಇದು ಚೆನ್ನ. ದರ, ಹಣ ಪಾವತಿಗೆ ಮಾತ್ರ ಸಲ್ಲದು. ಅಲ್ಲಿ ಮೌನ ಒಪ್ಪಿಗೆಯಲ್ಲ, ನೋಡಿಲ್ಲ ಎಂದಷ್ಟೇ.

ಎಕ್ಸೆಲ್ ಫೈಲ್ ಹಾಕಿದರೆ ಏನು ಬದಲಾಯಿತು ಎಂದು ಕಾಣುವುದಿಲ್ಲ, ಇಬ್ಬರು ತಿದ್ದಿದರೆ ಒಂದುಗೂಡಿಸಲೂ ಆಗದು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕೋಷ್ಟಕ) ಹಾಕಿದರೆ ಕೋಷ್ಟಕದ ಯಾವ ಕೋಶ ಬದಲಾಯಿತು ಎಂದು ಬಣ್ಣದಲ್ಲಿ ತೋರಿಸುತ್ತದೆ. ಈ ತಂತ್ರಾಂಶದ ಅತಿ ಒಳ್ಳೆಯ ಗುಣಗಳಲ್ಲಿ ಇದೊಂದು. ಆದರೆ ಎಕ್ಸೆಲ್‌ನಲ್ಲಿ ಬರೀ "ಸಿಎಸ್‌ವಿ" ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. "ಸಿಎಸ್‌ವಿ ಯುಟಿಎಫ್-8" ಆಯ್ಕೆ ಮಾಡಬೇಕು. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸಿದರೆ ಸಂಖ್ಯೆಗಳ ಮುಂದಿನ ಸೊನ್ನೆ ಹಾರಿಹೋಗುತ್ತದೆ, 15 ಅಂಕಿ ದಾಟಿದರೆ ಕೊನೆಯವು ಸೊನ್ನೆಯಾಗುತ್ತವೆ.

ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ನಡಾವಳಿಗಳನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ಮಾರ್ಕ್‌ಡೌನ್ (ಸರಳ ಗುರುತುಗಳಿಂದ ವಿನ್ಯಾಸ ಮಾಡುವ ಪಠ್ಯ) ಫೈಲ್‌ನಲ್ಲಿ ಒಂದು ಎಂಟರ್ ಹೊಸ ಸಾಲು ಕೊಡುವುದಿಲ್ಲ, ಕಮೆಂಟ್‌ನಲ್ಲಿ ಕೊಡುತ್ತದೆ. ಪತ್ರದ ವಿಳಾಸದ ಸಾಲುಗಳು ಒಂದಾಗಿ ಅಂಟಿಕೊಂಡರೆ ಕಾರಣ ಅದು.

ಆಧಾರ್, ಬ್ಯಾಂಕ್ ಖಾತೆ ವಿವರಗಳನ್ನು ರೆಪೊಸಿಟರಿಗೆ ಹಾಕಲೇಬೇಡಿ. ಫೈಲ್ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿಯುತ್ತದೆ, ಪ್ರತಿ ಪಡೆದವರೆಲ್ಲರ ಯಂತ್ರದಲ್ಲೂ ಇರುತ್ತದೆ.

ನಡೆಸುವ ಖರ್ಚು, ಬ್ಯಾಕಪ್

ಹತ್ತು-ಹದಿನೈದು ಮಂದಿಗೆ 1 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್, ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಸಾಕು. ಕಚೇರಿಯಲ್ಲೇ ರಾಸ್ಪ್‌ಬೆರಿ ಪೈ ಇಡಬಹುದು, ಆದರೆ ಕರೆಂಟ್ ಹೋಗಿಬರುವ ಕಡೆ ಯುಪಿಎಸ್ ಬೇಕು, ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಬೇಕು, ಹೊರಗಿನಿಂದ ಬರಲು ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಬೇಕು. ಎಲ್ಲ ಕೂಡಿಸಿದರೆ ಬಾಡಿಗೆಯೇ ತಲೆನೋವಿಲ್ಲದ್ದು. ಸ್ಥಾಪಿಸಿದ ತಕ್ಷಣ ಹೊರಗಿನವರ ನೋಂದಣಿ ನಿಲ್ಲಿಸಿ. ಇಲ್ಲದಿದ್ದರೆ ಸ್ಪ್ಯಾಮ್ ಖಾತೆಗಳು ತುಂಬುತ್ತವೆ.

ಇಮೇಲ್ ಮೊದಲ ವಾರದಲ್ಲೇ ಎಲ್ಲರ ತಾಳ್ಮೆ ಕೆಡಿಸುತ್ತದೆ. ಪ್ರತಿಯೊಬ್ಬರ ಸೆಟ್ಟಿಂಗ್‌ನಲ್ಲಿ "ಹೆಸರು ಹೇಳಿದಾಗ ಮಾತ್ರ" ಎಂದು ಮಾಡಿಕೊಡಿ. ಜಿಮೇಲ್ ಮೂಲಕ ಕಳಿಸುವುದಾದರೆ ಎರಡು ಹಂತದ ಪರಿಶೀಲನೆ ಹಾಕಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು.

ಬ್ಯಾಕಪ್ ತೆಗೆಯುವ ಡಂಪ್ ಆಜ್ಞೆ ಎಲ್ಲವನ್ನೂ ಒಂದು ಜಿಪ್ ಮಾಡಿಕೊಡುತ್ತದೆ, ಆದರೆ ಅದನ್ನು ಒಂದೇಟಿಗೆ ಮರಳಿಸುವ ಆಜ್ಞೆ ಇಲ್ಲ. ಡೇಟಾಬೇಸ್, ರೆಪೊಸಿಟರಿ, ಲಗತ್ತು, ಸೆಟ್ಟಿಂಗ್ ಫೈಲ್ ಪ್ರತಿಯೊಂದನ್ನೂ ಕೈಯಾರೆ ಅದರದರ ಜಾಗಕ್ಕೆ ಇಡಬೇಕು. ಬೇರೊಂದು ಯಂತ್ರದಲ್ಲಿ ಒಮ್ಮೆ ಮರಳಿಸಿ ನೋಡದ ಬ್ಯಾಕಪ್ಪನ್ನು ನಂಬಬೇಡಿ. ಹೊಸ ಆವೃತ್ತಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಇಂಥ ತಂಡಕ್ಕೆ ವರ್ಷಕ್ಕೊಂದು ಬರುವ ದೀರ್ಘಾವಧಿ ಬೆಂಬಲದ ಸರಣಿಯೇ ಸಾಕು. 2025ರ ಏಪ್ರಿಲ್‌ನಲ್ಲಿ ಬಂದ 11 ಅಂಥದ್ದು. ಗಿಟಿಯಾದಿಂದ ನೇರವಾಗಿ ಬರಲು ಆಗುತ್ತಿದ್ದದ್ದು ಅದರ 1.22ರವರೆಗೆ ಮಾತ್ರ, ಅದೂ ಫೋರ್ಜೆಯೋ 10ಕ್ಕೆ.

ಮುಂದೆ ಬೇರೆಡೆಗೆ ಹೋಗಬೇಕಾದರೆ: ಗಿಟ್ ಪ್ರತಿ ತೆಗೆದುಕೊಂಡರೆ ಕಾಗದಪತ್ರ ಮಾತ್ರ ಬರುತ್ತದೆ, ಇಶ್ಯೂಗಳು ಬರುವುದಿಲ್ಲ, ಅವು ಇರುವುದು ಡೇಟಾಬೇಸ್‌ನಲ್ಲಿ. ಇನ್ನೊಂದು ಫೋರ್ಜೆಯೋಗೆ ವಲಸೆ ಸೌಲಭ್ಯದಿಂದ ಇಶ್ಯೂ, ಲೇಬಲ್, ಮೈಲಿಗಲ್ಲು ಸಾಗಿಸಬಹುದು. ಬೋರ್ಡ್‌ನ ಕಾಲಂಗಳನ್ನು ಮತ್ತೆ ಕೈಯಲ್ಲೇ ಜೋಡಿಸಬೇಕು. ಸ್ಥಿತಿಯನ್ನು ಕಾಲಂ ಬದಲು ಲೇಬಲ್‌ನಲ್ಲಿ ಇಟ್ಟುಕೊಂಡವರಿಗೆ ಆ ಕೆಲಸವೂ ಇಲ್ಲ.